ಹನ್ನೊಂದು ಜನರ ಮೂಲೆ

ಆ ಜನವರಿಯಲ್ಲಿ ವ್ಯಾಲೇಸ್ ಪ್ರೈನ್ ಹೆಸರಿನ ಬಿಲ್ಲೆಯನ್ನು ಕೋಟಿಗೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದವಳು ನಮ್ಮ ಲಾರ್ಸನ್ ಮಿಲ್ ಊರಿನಲ್ಲಿ ಅರ್ಡಿಸ್ ಟಾಲೆಫ್ಸನ್ ಒಬ್ಬಳೇ. ಸಮೀಕ್ಷೆಗಳಲ್ಲಿ ಪ್ರೈನ್‌ಗೆ ನೂರಕ್ಕೆ ಮೂರು ಮತ ಬರುತ್ತಿತ್ತು. ಒಂದು ವಾರ ನಾಲ್ಕಕ್ಕೆ ಏರಿದಾಗ ಅವಳು ದಿನಸಿ ಅಂಗಡಿಯಲ್ಲಿ ಸಿಕ್ಕವರಿಗೆಲ್ಲ ಅದನ್ನು ಹೇಳಿದಳು. ಮುಂದಿನ ವಾರ ಎರಡಕ್ಕೆ ಇಳಿದಾಗ ಅದನ್ನೂ ಹೇಳಿದಳು. ಮುಚ್ಚಿಡುವುದು ಅವಳ ಸ್ವಭಾವದಲ್ಲೇ ಇರಲಿಲ್ಲ.

ನಾನು ಮೂವತ್ತೊಂದು ವರ್ಷ ಆ ಊರಿನ ಪೋಸ್ಟ್‌ಮನ್ ಆಗಿದ್ದವನು. ಹೆಸರು ವರ್ಲಿನ್ ಹಾಗೆನ್. ಯಾರ ಮನೆಗೆ ಯಾವ ಅಭ್ಯರ್ಥಿಯ ಕಾಗದ ಬರುತ್ತದೆ, ಯಾರ ನಾಯಿ ಕಚ್ಚುತ್ತದೆ, ಎರಡೂ ನನಗೆ ಗೊತ್ತಿತ್ತು. ನಿವೃತ್ತನಾದ ಮೇಲೆ ಬೇರೆ ಯಾರೂ ಒಪ್ಪದ ಕಾರಣ, ನಮ್ಮ ವಾರ್ಡಿನ ಕಾಕಸ್ ಸಭೆಗೆ ನನ್ನನ್ನೇ ಅಧ್ಯಕ್ಷನನ್ನಾಗಿ ಮಾಡಿದ್ದರು. ಐಯೋವಾದಲ್ಲಿ ನಾವು ದೇಶದ ಅಧ್ಯಕ್ಷ ಪದವಿಗೆ ಪಕ್ಷದ ಅಭ್ಯರ್ಥಿಯನ್ನು ಆರಿಸುವುದು ಗುಟ್ಟಿನ ಮತಪೆಟ್ಟಿಗೆಯಲ್ಲಲ್ಲ. ಶಾಲೆಯ ಆಟದ ಹಾಲಿನಲ್ಲಿ ಸೇರುತ್ತೇವೆ, ನಮ್ಮವರ ಮೂಲೆಗೆ ಹೋಗಿ ನಿಲ್ಲುತ್ತೇವೆ, ಸಭೆಯ ಅಧ್ಯಕ್ಷ ತಲೆ ಎಣಿಸುತ್ತಾನೆ. ಯಾರು ಎಲ್ಲಿ ನಿಂತರು ಎಂಬುದನ್ನು ಅಕ್ಕಪಕ್ಕದ ಮನೆಯವರು, ಸಾಲ ಕೊಟ್ಟವರು, ಚರ್ಚಿನವರು, ಎಲ್ಲರೂ ನೋಡುತ್ತಿರುತ್ತಾರೆ.

ಆ ವರ್ಷ ಪಕ್ಷ ನಡುವೆ ಸೀಳಿಹೋಗಿತ್ತು. ಒಂದು ಕಡೆ ಸೆನೆಟರ್ ಡೆಲಹಂಟ್. ಯುದ್ಧದ ಪರ ಮತ ಹಾಕಿದವನು. ಕಾರ್ಮಿಕ ಸಂಘಗಳೆಲ್ಲ ಅವನ ಬೆನ್ನಿಗಿದ್ದವು. ಇನ್ನೊಂದು ಕಡೆ ಗವರ್ನರ್ ಕಾರ್ಲಾ ರಸ್ಕ್. ಯುದ್ಧ ತಪ್ಪು ಎಂದು ಮೊದಲ ದಿನದಿಂದ ಹೇಳಿದವಳು. ಈ ಸೀಳು ಅರ್ಡಿಸ್‌ಳ ಮನೆಯೊಳಗೂ ಬಂದಿತ್ತು. ಅವಳ ಸತ್ತ ಗಂಡನ ತಂಗಿ ಫಿಲಿಸ್ ನಮ್ಮ ವಾರ್ಡಿನಲ್ಲಿ ಡೆಲಹಂಟ್ ಗುಂಪಿನ ಮುಂದಾಳು. ಅರ್ಡಿಸ್‌ಳ ಮಗಳು, ಕ್ಲಿನಿಕ್ಕಿನಲ್ಲಿ ನರ್ಸ್ ಆಗಿದ್ದ ಜನೆಲ್, ರಸ್ಕ್ ಗುಂಪಿನ ಮುಂದಾಳು. ಫಿಲಿಸ್‌ಳ ಮಗ ಡೇಲ್ ಆಗ ಯುದ್ಧದಲ್ಲಿದ್ದ. ನವೆಂಬರಿನ ಹಬ್ಬದೂಟದಲ್ಲಿ ಜನೆಲ್, "ಡೇಲ್ ವಾಪಸ್ ಬರ್ಲಿ ಅಂತಾನೇ ಅತ್ತೆ ನಾನು ರಸ್ಕ್ ಕಡೆ ಇರೋದು" ಅಂದಳಂತೆ. "ಅವನು ಸುಮ್ನೆ ಸಾಯೋಕೆ ಹೋಗಿದಾನೆ ಅಂತ ತಾನೇ ನೀನು ಹೇಳ್ತಿರೋದು?" ಎಂದು ಫಿಲಿಸ್ ತಟ್ಟೆ ಬಿಟ್ಟು ಎದ್ದು ಹೋದಳಂತೆ. ಅಂದಿನಿಂದ ಸೋದರತ್ತೆ, ಸೋದರಸೊಸೆಯರ ಮಾತು ನಿಂತಿತ್ತು. ಇಬ್ಬರೂ ಅರ್ಡಿಸ್‌ಳ ಬಳಿ ಬೇರೆ ಬೇರೆಯಾಗಿ ಬಂದು ಒಬ್ಬರ ಮೇಲೊಬ್ಬರು ದೂರುತ್ತಿದ್ದರು.

ಇಷ್ಟರ ನಡುವೆ ಅರ್ಡಿಸ್ ಪ್ರೈನ್‌ನನ್ನು ಹಿಡಿದುಕೊಂಡದ್ದು ಏಕೆಂದು ಹೇಳಬೇಕು.

ಅವಳು ಊರಿನ ಹಂದಿಮಾಂಸದ ಕಾರ್ಖಾನೆಯಲ್ಲಿ ಆಗಲೇ ಇಪ್ಪತ್ತಾರು ವರ್ಷದಿಂದ ದುಡಿಯುತ್ತಿದ್ದಳು. ನಿಲ್ಲದೆ ಓಡುವ ಲೈನಿನ ಮೇಲೆ ಗಂಟೆಗೆ ಸಾವಿರ ಹಂದಿ ಬರುತ್ತಿತ್ತು. ಹೆಗಲಿನ ಮಾಂಸ ಬಿಡಿಸುವುದು ಅವಳ ಕೆಲಸ. ಬಲಗೈಯ ಮೂರು ಬೆರಳು ಮಡಚಲು ಬರುತ್ತಿರಲಿಲ್ಲ. ಕಾಫಿ ಕಪ್ಪನ್ನು ಎರಡೂ ಅಂಗೈ ನಡುವೆ ಒತ್ತಿ ಹಿಡಿದು ಕುಡಿಯುತ್ತಿದ್ದಳು. ಬಚ್ಚಲಿಗೆ ಹೋಗಬೇಕೆಂದರೆ ಜಾಗಕ್ಕೆ ಇನ್ನೊಬ್ಬರು ಬರುವವರೆಗೆ ಕಾಯಬೇಕು, ಮೇಲ್ವಿಚಾರಕ ಆ ಇನ್ನೊಬ್ಬರನ್ನು ಕಳಿಸುತ್ತಲೇ ಇರಲಿಲ್ಲ. ಹೆಂಗಸರು ಕೆಲಸಕ್ಕೆ ಬರುವ ದಿನ ಬೆಳಗಿನಿಂದ ನೀರೇ ಕುಡಿಯುತ್ತಿರಲಿಲ್ಲ.

ಹಿಂದಿನ ಆಗಸ್ಟಿನಲ್ಲಿ ಪ್ರೈನ್ ನಮ್ಮ ಗ್ರಂಥಾಲಯಕ್ಕೆ ಬಂದಿದ್ದ. ಒಹಾಯೋದ ಮಾಜಿ ಸಂಸದ. ಉದ್ದ ಮನುಷ್ಯ, ಮಾತು ನಿಧಾನ. ಸೇರಿದ್ದವರು ಹದಿನಾಲ್ಕು ಜನ, ಅದರಲ್ಲಿ ಮೂವರು ಪುಸ್ತಕ ವಾಪಸ್ ಕೊಡಲು ಬಂದವರು. ಅರ್ಡಿಸ್ ಎದ್ದು ನಿಂತು ಕೈ ತೋರಿಸಿ, "ಇದಕ್ಕೆ ನೀವೇನು ಮಾಡ್ತೀರಾ?" ಎಂದು ಕೇಳಿದಳು. ಅದೇ ಪ್ರಶ್ನೆಗೆ ರಸ್ಕ್ ಕಚೇರಿಯಿಂದ ಬಣ್ಣದ ಕರಪತ್ರ ಬಂದಿತ್ತು. ಡೆಲಹಂಟ್ ಸಂಘದ ಕಟ್ಟಡಕ್ಕೆ ಬಂದು ಕೈ ಕುಲುಕಿ ಹೋಗಿದ್ದ. ಪ್ರೈನ್ ಅವಳ ಕೈಯನ್ನು ಹಿಡಿದು ಬೆರಳನ್ನು ಒಂದೊಂದಾಗಿ ನೋಡಿದ. "ನನಗೆ ಗೊತ್ತಿಲ್ಲಮ್ಮ. ಆ ಲೈನನ್ನ ನಾನು ನೋಡಿಲ್ಲ. ನಾಳೆ ನೋಡಬಹುದಾ?" ಎಂದ.

ಮರುದಿನ ಕಾರ್ಖಾನೆಯವರು ಅವನನ್ನು ಒಳಗೆ ಬಿಡಲಿಲ್ಲ. ಬೆಳಗಿನ ಐದೂವರೆಯಿಂದ ಎಂಟರವರೆಗೆ ಅವನು ಗೇಟಿನ ಹೊರಗೆ ನಿಂತು, ಒಳಗೆ ಹೋಗುವವರನ್ನೂ ಬರುವವರನ್ನೂ ಮಾತಾಡಿಸಿ ಪುಸ್ತಕದಲ್ಲಿ ಬರೆದುಕೊಂಡ. ಪತ್ರಿಕೆಯವರು ಯಾರೂ ಇರಲಿಲ್ಲ. ಅಷ್ಟೇ ನಡೆದದ್ದು. ಅರ್ಡಿಸ್‌ಗೆ ಅಷ್ಟು ಸಾಕಾಯಿತು.

ಕಾಕಸ್ ದಿನ ಹೊರಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿತ್ತು. ಆದರೂ ಸಂಜೆ ಏಳಕ್ಕೆ ಬಾಗಿಲು ಹಾಕಿದಾಗ ಹಾಲಿನಲ್ಲಿ ತೊಂಬತ್ತೊಂದು ಜನ ಇದ್ದರು. ನಾನು ನಿಯಮ ಓದಿದೆ. ನೂರಕ್ಕೆ ಹದಿನೈದರಷ್ಟು ಜನ ಇಲ್ಲದ ಗುಂಪು ಲೆಕ್ಕಕ್ಕೆ ಬರುವುದಿಲ್ಲ. ನಮ್ಮಲ್ಲಿ ಅಂದರೆ ಹದಿನಾಲ್ಕು ತಲೆ ಬೇಕು. ಕಡಿಮೆ ಬಿದ್ದ ಗುಂಪಿಗೆ ಅರ್ಧ ಗಂಟೆ ಸಮಯ. ಅಷ್ಟರಲ್ಲಿ ಜನರನ್ನು ಸೇರಿಸಿಕೊಳ್ಳಬಹುದು, ಬೇರೆ ಮೂಲೆಗೆ ಹೋಗಬಹುದು, ಇಲ್ಲವೇ ಸುಮ್ಮನೆ ಕೂರಬಹುದು. ಕೊನೆಗೆ ಜಿಲ್ಲಾ ಸಮಾವೇಶಕ್ಕೆ ಐದು ಜನ ಪ್ರತಿನಿಧಿಗಳನ್ನು ಗುಂಪುಗಳ ಬಲಕ್ಕೆ ತಕ್ಕಂತೆ ಹಂಚಬೇಕು.

ಎಣಿಸಿದೆ. ಬಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ ಡೆಲಹಂಟ್ ಗುಂಪು, ನನ್ನನ್ನೂ ಸೇರಿಸಿ ನಲವತ್ತೊಂದು. ಎದುರು ಗೋಡೆಗೆ ರಸ್ಕ್ ಗುಂಪು, ಮೂವತ್ತೊಂಬತ್ತು. ಹಾಲು ಮಾರುವ ಯಂತ್ರದ ಪಕ್ಕದ ಮೂಲೆಯಲ್ಲಿ ಅರ್ಡಿಸ್ ಮತ್ತು ಅವಳವರು. ಹನ್ನೊಂದು.

ನಾನು ಸಂಖ್ಯೆ ಕೂಗಿದಾಗ ಅವಳ ಮುಖದಲ್ಲಿ ಸಂತೋಷವಿತ್ತು. ಆರೇಳು ಜನ ಬರಬಹುದೆಂದು ಎಣಿಸಿದ್ದಳಂತೆ.

"ಇನ್ನು ಮೂರೇ ಕಣೋ ವರ್ಲಿನ್! ನೀನು ಬಂದ್ಬಿಡು, ಎರಡಾಗತ್ತೆ" ಎಂದಳು.

"ಅಧ್ಯಕ್ಷರನ್ನ ಕದಿಯೋ ಹಾಗಿಲ್ಲ" ಎಂದೆ.

"ಕದಿಯೋಕೆ ನೀನೇನು ಚಿನ್ನದ ಗಟ್ಟೀನಾ? ಮೂವತ್ತೊಂದು ವರ್ಷ ನನ್ನ ಕಾಗದಾನ ಪಕ್ಕದ ಮನೆಗೆ ಹಾಕಿದವನು!"

ಐದು ಪ್ರತಿನಿಧಿಗಳಲ್ಲಿ ಎರಡೆರಡು ಎರಡೂ ದೊಡ್ಡ ಗುಂಪಿಗೆ ಹೋಗುವುದು ಖಚಿತವಾಗಿತ್ತು. ಐದನೆಯದು ಯಾರಿಗೆಂಬುದನ್ನು ಆ ಹನ್ನೊಂದು ಜನರೇ ನಿರ್ಧರಿಸಬೇಕಾಗಿತ್ತು. ಹೀಗಾಗಿ ಅದುವರೆಗೆ ಯಾರೂ ತಿರುಗಿ ನೋಡದಿದ್ದ ಮೂಲೆಗೆ ಇದ್ದಕ್ಕಿದ್ದಂತೆ ಜನ ನುಗ್ಗಿದರು.

ಮೊದಲು ಬಂದವಳು ಫಿಲಿಸ್. ಕೈಯಲ್ಲಿ ತಟ್ಟೆ ತುಂಬ ಲೆಫ್ಸ, ಆಲೂಗಡ್ಡೆಯ ತೆಳು ರೊಟ್ಟಿಗೆ ಬೆಣ್ಣೆ ಸಕ್ಕರೆ ಸವರಿ ಸುರುಳಿ ಸುತ್ತಿದ್ದು.

"ತಗೋ ಆರ್ವಿಲ್, ನಿಮ್ಮ ಮೂಲೇಲಿ ಊಟಕ್ಕೂ ಗತಿ ಇಲ್ಲ" ಎಂದು ಆ ಗುಂಪಿನ ಅತಿ ಹಿರಿಯ, ಎಂಬತ್ತೆರಡರ ಆರ್ವಿಲ್ ಸ್ಕಾರ್ ಮುಂದೆ ಹಿಡಿದಳು.

ಆರ್ವಿಲ್ ಎರಡು ತೆಗೆದುಕೊಂಡ. "ತಿಂತೀನಿ. ಆದ್ರೆ ಜಾಗ ಬಿಡಲ್ಲ."

"ಅರ್ಡಿಸ್, ನೋಡು" ಎಂದು ಫಿಲಿಸ್ ದನಿ ತಗ್ಗಿಸಿದಳು. "ನಾವಿಬ್ರೂ ಒಂದೇ ಲೈನಲ್ಲಿ ಒಂಬತ್ತು ವರ್ಷ ನಿಂತವರು. ಸಂಘ ಡೆಲಹಂಟ್ ಕಡೆ ಇದೆ. ನೀನು ಸಂಘದವಳಲ್ವಾ?"

"ಹೌದು. ಸಂಘ ನನ್ನನ್ನ ಕೇಳಲಿಲ್ಲ."

"ಡೇಲ್ ನಿನ್ನ ಕೈಯಲ್ಲೇ ಬೆಳೆದವನು ಕಣೇ."

"ಅವನ ಹೆಸರನ್ನ ಮತಕ್ಕೆ ತರಬೇಡ ಫಿಲಿಸ್. ಅವನಿಗೆ ಪ್ರತಿ ಭಾನುವಾರ ಕಾಗದ ಬರೀತೀನಿ. ಅದು ಬೇರೆ" ಎಂದಳು ಅರ್ಡಿಸ್.

ಫಿಲಿಸ್ ಹೋದ ಮೇಲೆ ಜನೆಲ್ ಬಂದಳು. ಅವಳ ಮಾತು ನೇರ.

"ಅಮ್ಮಾ, ಮೂರು ಜನರನ್ನ ನಿನ್ನ ಕಡೆ ಕಳಿಸ್ತೀನಿ. ಹದಿನಾಲ್ಕಾಗತ್ತೆ. ನಿನ್ನ ಪ್ರೈನ್‌ಗೆ ಒಬ್ಬ ಪ್ರತಿನಿಧಿ ಸಿಗ್ತಾನೆ."

"ಆ ಮೂರು ಜನಕ್ಕೆ ಪ್ರೈನ್ ಇಷ್ಟಾನಾ?"

"ಇಷ್ಟ ಯಾಕಮ್ಮ ಬೇಕು? ಐದನೇದು ಡೆಲಹಂಟ್‌ಗೆ ಹೋಗದೇ ಇದ್ರೆ ನನಗೆ ಸಾಕು. ನಿನಗೂ ಲಾಭ, ನನಗೂ ಲಾಭ."

ಅರ್ಡಿಸ್ ತನ್ನ ಹನ್ನೊಂದು ಜನರ ಕಡೆ ನೋಡಿದಳು. ಅವರಲ್ಲಿ ಇಬ್ಬರು ಕಾರ್ಖಾನೆಯ ಹೆಂಗಸರು ಪಾಳಿ ಬದಲಿಸಿಕೊಂಡು ಬಂದಿದ್ದರು. ಆಗಸ್ಟಿನಿಂದ ಅವಳು ಬಾಗಿಲು ಬಾಗಿಲು ತಟ್ಟಿದ್ದಳು. ಫೋನಿನ ಗುಂಡಿ ಒತ್ತಲು ಬೆರಳು ಬಾರದೆ ಪೆನ್ಸಿಲಿನ ಹಿಂಬದಿಯಿಂದ ಒತ್ತಿ ಮುನ್ನೂರು ಮನೆಗೆ ಕರೆ ಮಾಡಿದ್ದಳು. ಅವಳು ಆಸೆಪಡುತ್ತಿದ್ದದ್ದು ನನಗೆ ಕಾಣುತ್ತಿತ್ತು. ಬಾಯಿ ತೆರೆದಳು. ಹೂಂ ಎನ್ನುತ್ತಿದ್ದಳೆಂದೇ ನಾನು ಈಗಲೂ ನಂಬಿದ್ದೇನೆ. ಅಷ್ಟರಲ್ಲಿ ಅವಳ ಚೀಲದಲ್ಲಿದ್ದ ಫೋನ್ ಬಡಿದುಕೊಂಡಿತು.

ಪ್ರೈನ್‌ನ ರಾಜ್ಯ ಕಚೇರಿಯಿಂದ, ರಾಜಧಾನಿ ಡಿ ಮೊಯ್ನ್‌ನಿಂದ ಬಂದ ಕರೆ. ಹಾಲಿನ ಗದ್ದಲದಲ್ಲಿ ಕೇಳಿಸದೆ ಅವಳು ಫೋನನ್ನು ಕಿವಿಯಿಂದ ದೂರ ಹಿಡಿದು ಅದರ ದನಿಯನ್ನು ಜೋರು ಮಾಡಿದಳು. ಪಕ್ಕದಲ್ಲಿದ್ದ ನನಗೂ ಎಲ್ಲ ಕೇಳಿಸಿತು.

"ಮೇಡಂ, ನಿಮ್ಮಲ್ಲಿ ಹದಿನೈದು ಪರ್ಸೆಂಟ್ ಆಗಲಿಲ್ಲ ತಾನೇ? ಹಾಗಿದ್ರೆ ನಿಮ್ಮವರನ್ನೆಲ್ಲ ಡೆಲಹಂಟ್ ಕಡೆ ಕಳಿಸಿ. ರಾಜ್ಯದಲ್ಲೆಲ್ಲ ಹಾಗೇ ಮಾಡ್ತಿದೀವಿ. ಮಾತುಕತೆ ಆಗಿದೆ."

"ಹದಿನಾಲ್ಕು ಆಗೋ ಹಾಗಿದೆ. ಆದ್ರೆ?"

"ಆದ್ರೂ ಅಷ್ಟೇ. ನಿಮ್ಮ ಪ್ರತಿನಿಧಿ ಜಿಲ್ಲಾ ಸಮಾವೇಶದಲ್ಲಿ ಡೆಲಹಂಟ್ ಕಡೆ ಸೇರ್ತಾರೆ."

"ಪ್ರೈನ್ ಅವರೇ ಹೀಗೆ ಹೇಳಿದ್ರಾ?"

"ಅವರಿಗೆ ಗೊತ್ತಿದೆ ಮೇಡಂ."

ಅವಳು ಫೋನನ್ನು ಚೀಲಕ್ಕೆ ಹಾಕಿದಳು. ಜಿಪ್ ಎಳೆಯಲು ಬೆರಳು ಬರಲಿಲ್ಲ, ಎರಡು ಸಲ ಪ್ರಯತ್ನಿಸಿ ಬಿಟ್ಟಳು. ಕೂರಬೇಕೇನೋ ಎಂದು ನಾನು ಕುರ್ಚಿ ತಳ್ಳಿದೆ, ಅವಳು ಕೂರಲಿಲ್ಲ.

ಅವಳು ಸುಮ್ಮನಿದ್ದುಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮಗಳ ಮೂರು ಜನರನ್ನು ತೆಗೆದುಕೊಂಡು, ಹದಿನಾಲ್ಕೆಂದು ನನ್ನಿಂದ ಬರೆಸಿಕೊಂಡು, ನಗುನಗುತ್ತ ಮನೆಗೆ ಹೋಗಬಹುದಿತ್ತು. ಅವಳು ಜನೆಲ್‌ಳ ತೋಳು ಹಿಡಿದು ಹೇಳಿದಳು:

"ನಿನ್ನ ಜನರನ್ನ ಕಳಿಸಬೇಡ ಮಗಾ. ನೀನು ಕೊಟ್ಟಿದ್ದು ಕೊನೆಗೆ ಡೆಲಹಂಟ್‌ಗೇ ಹೋಗತ್ತೆ. ಹಾಗಂತ ಈಗ ಹೇಳಿದ್ರು."

"ಅಂದ್ರೆ ಪ್ರೈನ್ ನಿನ್ನನ್ನ ಮಾರಿಬಿಟ್ಟ."

"ಹಾಗೇ ಅನ್ನು."

"ಹಾಗಾದ್ರೆ ನಮ್ಮ ಕಡೆ ಬಾ! ಇನ್ನೇನು ಯೋಚನೆ?"

ಅರ್ಡಿಸ್ ತನ್ನವರ ಬಳಿಗೆ ಹೋಗಿ ಫೋನಿನ ಮಾತನ್ನು ಒಂದಕ್ಷರ ಬಿಡದೆ ಹೇಳಿದಳು. ಆಮೇಲೆ ಆರ್ವಿಲ್ ಬಾಯಲ್ಲಿದ್ದ ಲೆಫ್ಸ ನುಂಗಿ, "ಅವರು ತೋರಿಸಿದ ದೊಡ್ಡಿಗೆ ನುಗ್ಗೋಕೆ ನಾವೇನು ಹಂದಿಗಳಾ?" ಎಂದ. ಆ ಹೊತ್ತಿನಲ್ಲೂ ಎಲ್ಲರಿಗೂ ನಗು ಬಂತು.

"ನಿಮಗೆ ಬೇಕಾದ ಕಡೆ ಹೋಗಿ. ಯಾರ ಮೇಲೂ ನನಗೆ ಬೇಜಾರಿಲ್ಲ" ಎಂದಳು ಅರ್ಡಿಸ್. "ಆದ್ರೆ ಹೋಗೋ ಮುಂಚೆ ನನಗೆ ಒಂದು ಕೆಲಸ ಇದೆ."

ಅವಳು ಹಾಲಿನ ನಡುವಿನ ಬಿಳಿ ಗೆರೆಯ ಮೇಲೆ ಹೋಗಿ ನಿಂತು ಫಿಲಿಸ್ ಮತ್ತು ಜನೆಲ್ ಇಬ್ಬರನ್ನೂ ಕೂಗಿದಳು. ಹಬ್ಬದೂಟದ ನಂತರ ಅವರಿಬ್ಬರೂ ಅಷ್ಟು ಹತ್ತಿರ ನಿಂತದ್ದು ಅದೇ ಮೊದಲು. ಒಬ್ಬಳು ಬುಟ್ಟಿಯ ಕಡೆ, ಇನ್ನೊಬ್ಬಳು ನೆಲದ ಕಡೆ ನೋಡುತ್ತಿದ್ದರು.

ಸಭೆಯ ಕೊನೆಗೆ ಪಕ್ಷದ ಕಾರ್ಯಕ್ರಮಕ್ಕೆ ಸೇರಿಸಬೇಕಾದ ನಿರ್ಣಯಗಳನ್ನು ಯಾರು ಬೇಕಾದರೂ ಮಂಡಿಸಬಹುದೆಂಬ ನಿಯಮವಿದೆ. ಆ ಹೊತ್ತಿಗೆ ಜನರೆಲ್ಲ ಹೋಗಿಬಿಟ್ಟಿರುತ್ತಾರೆ. ಪ್ರತಿ ಸಲವೂ ನಾನು, ಕಾರ್ಯದರ್ಶಿ ಮತ್ತು ಕಸ ಗುಡಿಸುವವನು ಸೇರಿ ಅವನ್ನೆಲ್ಲ ಒಂದೇ ಉಸಿರಿಗೆ ಮುಗಿಸುತ್ತಿದ್ದೆವು. ಅರ್ಡಿಸ್ ಬಳಿ ಒಂದು ನಿರ್ಣಯವಿತ್ತು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡಿದ್ದಳು.

"ನನ್ನವರು ಎಲ್ಲಿಗೆ ಹೋಗ್ತಾರೆ ಅಂತ ನಾನು ಮಾತು ಕೊಡಲ್ಲ. ಆದ್ರೆ ನೀವಿಬ್ರೂ ನನಗೊಂದು ಮಾತು ಕೊಡ್ಬೇಕು. ಎಣಿಕೆ ಮುಗಿದ ಮೇಲೆ ನಿಮ್ಮವರು ಯಾರೂ ಎದ್ದು ಹೋಗಬಾರದು. ಗೆದ್ರೂ, ಸೋತ್ರೂ. ನಾನು ಓದಿದ್ದನ್ನ ಕೇಳಿ ಕೈ ಎತ್ತಬೇಕು, ಇಲ್ಲ ಎತ್ತಬಾರದು. ಅಷ್ಟೇ."

"ಆಯ್ತು" ಎಂದಳು ಫಿಲಿಸ್.

"ಆಯ್ತು" ಎಂದಳು ಜನೆಲ್.

ಅರ್ಧ ಗಂಟೆ ಮುಗಿಯಿತು. ನಾನು ಮತ್ತೆ ಎಣಿಸಿದೆ. ಹನ್ನೊಂದರಲ್ಲಿ ನಾಲ್ವರು ಡೆಲಹಂಟ್ ಕಡೆ, ಐವರು ರಸ್ಕ್ ಕಡೆ ಹೋಗಿದ್ದರು. ನಲವತ್ತೈದು, ನಲವತ್ತನಾಲ್ಕು. ಹಾಲಿನ ಯಂತ್ರದ ಪಕ್ಕದಲ್ಲಿ ಅರ್ಡಿಸ್ ಮತ್ತು ಆರ್ವಿಲ್ ಇಬ್ಬರೇ ಉಳಿದಿದ್ದರು. ಮೂರು ಸಲ ಎಣಿಸಿ, ಐದನೆಯ ಪ್ರತಿನಿಧಿ ಡೆಲಹಂಟ್‌ಗೆ ಎಂದು ಕೂಗಿದೆ. ನಮ್ಮ ಕಡೆಯವರು ಚಪ್ಪಾಳೆ ತಟ್ಟಿದರು.

ಜನೆಲ್ ನೇರವಾಗಿ ತಾಯಿಯ ಬಳಿ ಬಂದಳು. ಕಣ್ಣಲ್ಲಿ ನೀರಿತ್ತು.

"ಒಂದೇ ಒಂದು ತಲೆ ಅಮ್ಮ. ನೀನು ಹತ್ತು ಹೆಜ್ಜೆ ನಡೆದಿದ್ರೆ ಸಮ ಆಗ್ತಿತ್ತು. ನನಗೋಸ್ಕರ ಹತ್ತು ಹೆಜ್ಜೆ."

"ನಿನಗೋಸ್ಕರ ಆದ್ರೆ ನಡೀತಿದ್ದೆ. ರಸ್ಕ್‌ಗೋಸ್ಕರ ನಡೀಬೇಕಿತ್ತಲ್ಲ."

"ಎರಡೂ ಒಂದೇ."

"ನನಗೆ ಒಂದೇ ಅಲ್ಲ ಮಗಾ. ಫಿಲಿಸ್ ಕೂಡ ಇದನ್ನೇ ಕೇಳಿದ್ಲು, ಡೇಲ್ ಹೆಸರು ಹೇಳಿ. ಅವಳಿಗೆ ಇಲ್ಲ ಅಂದು ನಿನಗೆ ಹೂಂ ಅನ್ಲಾ?"

ಜನೆಲ್ ಕೋಟು ಹಾಕಿಕೊಂಡಳು. ಅದನ್ನು ನೋಡಿ ರಸ್ಕ್ ಕಡೆಯವರೆಲ್ಲ ಟೋಪಿ, ಕೈಚೀಲ ಹುಡುಕತೊಡಗಿದರು. ಮೊದಲ ನಾಲ್ಕೈದು ಜನ ಬಾಗಿಲ ತನಕ ಹೋಗಿಯೇಬಿಟ್ಟಿದ್ದರು. ಮುಗಿಯಿತು ಎಂದುಕೊಂಡೆ. ಆಗ ಜನೆಲ್ ಅವರನ್ನು ದಾಟಿ ಓಡಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಕೂತ್ಕೊಳ್ಳಿ ಎಲ್ಲರೂ. ನಾನು ಮಾತು ಕೊಟ್ಟಿದೀನಿ."

ಜನ ಗೊಣಗುತ್ತ ಕುಳಿತರು. ಬುಟ್ಟಿಯ ಕೆಳಗಿನವರು ಮೊದಲೇ ಕುಳಿತಿದ್ದರು. ಫಿಲಿಸ್ ಒಬ್ಬೊಬ್ಬರ ಮಡಿಲಿಗೂ ತಿಂಡಿ ಇಟ್ಟು ಏಳದಂತೆ ಮಾಡಿದ್ದಳು.

ಅರ್ಡಿಸ್ ಹಾಳೆ ಬಿಡಿಸಿ ಓದಿದಳು. ಅದರಲ್ಲಿ ಎರಡು ಮಾತಿತ್ತು. ಲೈನಿನ ವೇಗವನ್ನು ಇಳಿಸಬೇಕು. ಕಾರ್ಮಿಕರ ಘನತೆಗೆ ಅನುಗುಣವಾಗಿ ಅವರಿಗೆ ವಿರಾಮದ ಅವಕಾಶ ಕಲ್ಪಿಸಬೇಕು.

"ತಡಿ ತಡಿ" ಎಂದಳು ಫಿಲಿಸ್ ಎದ್ದು. "ಘನತೆ ಗಿನತೆ ಯಾಕೆ ಬರೆದೆ? ನಮ್ಮ ಲೈನಲ್ಲಿ ಯಾರಾದ್ರೂ ಆ ಮಾತು ಆಡ್ತಾರಾ? ಒಂದಕ್ಕೆ ಅರ್ಜೆಂಟಾದಾಗ ಹೋಗೋಕೆ ಬಿಡ್ಬೇಕು ಅಂತ ಬರಿ. ನಾನು ಒಂದು ಸಲ ನಿಂತಲ್ಲೇ... ನಿನಗೆ ಗೊತ್ತಲ್ಲ."

ಕೊನೆಯ ಮಾತು ಅವಳ ಬಾಯಿಂದ ತಪ್ಪಿ ಬಂದಿತ್ತು. ಫಿಲಿಸ್ ಕೆಂಪಾದಳು. ನಾನು ಆ ಕಾರ್ಖಾನೆಯ ಎದುರು ಮೂರು ದಶಕ ಪೋಸ್ಟ್ ಹಂಚಿದವನು, ಅವಳ ಮನೆಯಲ್ಲಿ ಕಾಫಿ ಕುಡಿದವನು. ನನಗೆ ಗೊತ್ತಿರಲಿಲ್ಲ.

ಬಾಗಿಲ ಬಳಿಯಿಂದ ಜನೆಲ್ ಮಾತಾಡಿದಳು. "ಹತ್ತು ನಿಮಿಷದೊಳಗೆ ಅಂತ ಸೇರಿಸಿ ಅತ್ತೆ. ಸಮಯ ಹಾಕದಿದ್ರೆ ಅವರು ಬಿಡಲ್ಲ. ಲೈನಿನ ಹೆಂಗಸರು ಇದೇ ತೊಂದ್ರೆಗೆ ವಾರಕ್ಕೆ ನಾಲ್ಕು ಜನ ನಮ್ಮ ಕ್ಲಿನಿಕ್ಕಿಗೆ ಬರ್ತಾರೆ."

"ಹತ್ತು ಜಾಸ್ತಿ ಆಯ್ತು. ಐದು" ಎಂದಳು ಫಿಲಿಸ್.

"ಐದು ಅಂದ್ರೆ ಸಮಾವೇಶದಲ್ಲಿ ತೆಗೆದುಹಾಕ್ತಾರೆ. ಹತ್ತು ಅಂದ್ರೆ ಉಳಿಯತ್ತೆ."

"ಸರಿ. ಹತ್ತು."

ಇಬ್ಬರೂ ನನ್ನ ಮೇಜಿನ ಹತ್ತಿರ ಬಂದು ಹಾಳೆಯ ಮೇಲೆ ಬಗ್ಗಿದರು. ಪೆನ್ನು ಹಿಡಿಯಲು ಅರ್ಡಿಸ್‌ಗೆ ಕಷ್ಟವೆಂದು ಜನೆಲ್ ಬರೆದಳು. ಫಿಲಿಸ್ ಪದ ಹೇಳಿದಳು. ಓದಿ ಮತಕ್ಕೆ ಹಾಕಿದಾಗ ಎಂಬತ್ತೇಳು ಕೈ ಮೇಲೆದ್ದವು. ವಿರೋಧವಾಗಿ ಯಾರೂ ಇರಲಿಲ್ಲ. ನಾಲ್ಕು ಜನ ಅಷ್ಟರಲ್ಲಿ ಹೊರಟುಹೋಗಿದ್ದರು.

ಎರಡು ದಿನದ ನಂತರ ಪ್ರೈನ್ ಕಣದಿಂದ ಹಿಂದೆ ಸರಿದು ಡೆಲಹಂಟ್‌ನ ಕೈ ಎತ್ತಿ ಹಿಡಿದ. ಅರ್ಡಿಸ್ ಅದನ್ನು ಕಾರ್ಖಾನೆಯ ಊಟದ ಕೋಣೆಯ ಟಿವಿಯಲ್ಲಿ ನೋಡಿದಳಂತೆ. ಅವನಿಗೆ ಒಂದು ಕಾಗದ ಬರೆದಳು, ನಾನೇ ಅಂಚೆಗೆ ಹಾಕಿದೆ. ಉತ್ತರ ಬರಲಿಲ್ಲ. "ಕೋಪ ಬಂದಿದೆಯಾ?" ಎಂದು ಕೇಳಿದೆ. "ಬಂದಿದೆ" ಎಂದಳು. "ಆದ್ರೂ ಆ ಬೆಳಿಗ್ಗೆ ಗೇಟಿನ ಹತ್ತಿರ ನಿಂತಿದ್ದವನು ಅವನೊಬ್ಬನೇ. ಅದನ್ನ ಇಲ್ಲ ಅನ್ನೋಕಾಗಲ್ಲ."

ನಿರ್ಣಯ ಮಾರ್ಚಿನಲ್ಲಿ ಜಿಲ್ಲೆಯನ್ನು ದಾಟಿತು. ಜೂನಿನಲ್ಲಿ ರಾಜ್ಯ ಸಮಾವೇಶಕ್ಕೆ ಅವಳನ್ನು ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಮೈಕಿನ ಮುಂದೆ ಅವಳಿಗೆ ಎರಡು ನಿಮಿಷ ಕೊಟ್ಟರು. ಅರ್ಧದಷ್ಟು ಜನ ತಮ್ಮ ತಮ್ಮಲ್ಲೇ ಮಾತಾಡುತ್ತಿದ್ದರು. ವೇಗದ ವಾಕ್ಯವನ್ನು ಸಮಿತಿಯವರು ಕೈಬಿಟ್ಟರು, ಬಚ್ಚಲಿನ ವಾಕ್ಯ ಉಳಿಯಿತು. ನವೆಂಬರಿನ ಚುನಾವಣೆಯಲ್ಲಿ ಪಕ್ಷದ ಅಭ್ಯರ್ಥಿಯಾಗಿ ನಿಂತ ಡೆಲಹಂಟ್ ಸೋತ. ನಮ್ಮ ಜಿಲ್ಲೆಯಲ್ಲೂ ಸೋತ.

ಆದರೆ ಮರುವರ್ಷ ಕಾರ್ಖಾನೆಯ ಜೊತೆ ಹೊಸ ಒಪ್ಪಂದಕ್ಕೆ ಕುಳಿತಾಗ ಸಂಘದವರು ಅದೇ ವಾಕ್ಯವನ್ನು ಮೇಜಿನ ಮೇಲಿಟ್ಟರು. ಮೂರು ವಾರ ಎಳೆದಾಡಿ ಕಾರ್ಖಾನೆಯವರು ಹತ್ತು ನಿಮಿಷವನ್ನು ಹದಿನೈದು ಮಾಡಿ ಸಹಿ ಹಾಕಿದರು. ಲೈನು ಮಾತ್ರ ಹಳೆಯ ವೇಗದಲ್ಲೇ ಓಡುತ್ತಿದೆ. ಡೇಲ್ ಜೀವಂತವಾಗಿ ವಾಪಸಾದ. ಒಂದು ಕಿವಿ ಕೇಳಿಸುವುದಿಲ್ಲ. ವಿಮಾನ ನಿಲ್ದಾಣಕ್ಕೆ ಫಿಲಿಸ್ ಮತ್ತು ಜನೆಲ್ ಒಂದೇ ಕಾರಿನಲ್ಲಿ ಹೋದರು, ಬರುವಾಗ ದಾರಿಯುದ್ದಕ್ಕೂ ಯುದ್ಧದ ಬಗ್ಗೆ ಜಗಳವಾಡಿಕೊಂಡು ಬಂದರೆಂದು ಡೇಲ್ ಹೇಳಿದ.

ಕಳೆದ ಬೇಸಿಗೆಯಲ್ಲಿ ಅರ್ಡಿಸ್ ನಿವೃತ್ತಳಾದಳು. ಒಂದು ಮಧ್ಯಾಹ್ನ ಅವಳ ಜಗಲಿಯಲ್ಲಿ ಕುಳಿತಿದ್ದಾಗ, ಬಹಳ ದಿನದಿಂದ ಕೇಳಬೇಕೆಂದಿದ್ದನ್ನು ಕೇಳಿದೆ. "ಆವತ್ತು ಜನೆಲ್ ಕಡೆ ಹೋಗಬೇಕಿತ್ತು ಅಂತ ಯಾವಾಗಲಾದ್ರೂ ಅನಿಸಿದೆಯಾ?"

"ಎಷ್ಟೋ ಸಲ" ಎಂದಳು. "ಅವಳ ಮುಖ ನೆನಪಾದಾಗೆಲ್ಲ ಅನಿಸತ್ತೆ. ನೀನು? ಡೆಲಹಂಟ್ ಕಡೆ ನಿಂತಿದ್ದಕ್ಕೆ?"

"ನಾನು ಯಾಕೆ ನಿಂತೆ ಅಂತಾನೇ ನೆನಪಿಲ್ಲ" ಎಂದೆ. "ಎಲ್ಲರೂ ಅಲ್ಲೇ ಇದ್ರು."

ಅವಳು ನಗಲಿಲ್ಲ, ಹೀಯಾಳಿಸಲೂ ಇಲ್ಲ. ಒಳಗೆ ಹೋಗಿ ಇನ್ನೊಂದು ಕಪ್ ಕಾಫಿ ತಂದುಕೊಟ್ಟಳು.